ಬ್ರಷ್ ಕಟರ್, ಚೈನ್ ಸಾ, ಲಾನ್ ಮೋವರ್‌ಗೆ ಯಾವ ಪೆಟ್ರೋಲ್ ಹಾಕ್ತೀರ? ಕೂತಲ್ಲೇ ಕೆಡೋ ಮೆಷಿನ್‌ಗಳ ಬಗ್ಗೆ

ಹಸಿರುಬೇಲಿ

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋದು ಟೂ ಸ್ಟ್ರೋಕ್ ಬ್ರಷ್ ಕಟರ್. ಹೋದ ಸೀಸನ್ನಲ್ಲಿ ಹಗ್ಗ ಎಳೆದ್ರೆ ಸಾಕು ಸ್ಟಾರ್ಟ್ ಆಗ್ತಿತ್ತು, ಕೆಲಸ ಮುಗಿದ್ಮೇಲೆ ಒರೆಸಿ ಒಳಗಿಟ್ಟೆ, ಟ್ಯಾಂಕಲ್ಲಿ ಅರ್ಧ ಮಿಕ್ಸ್ (ಆಯಿಲ್ ಬೆರೆಸಿದ ಪೆಟ್ರೋಲ್) ಹಾಗೇ ಇತ್ತು. ಈಗ ಹೊರಗೆ ತೆಗೆದ್ರೆ ಚೋಕಲ್ಲಿ ಸ್ಟಾರ್ಟ್ ಆಗುತ್ತೆ, ಚೋಕ್ ತೆಗೆದು ಟ್ರಿಗರ್ ಒತ್ತಿದ ತಕ್ಷಣ ಸತ್ತೋಗುತ್ತೆ. ಪ್ಲಗ್ ಹೊಸದು ಹಾಕಿದೆ, ಏರ್ ಫಿಲ್ಟರ್ ತೊಳೆದೆ, ಏನೂ ವ್ಯತ್ಯಾಸ ಇಲ್ಲ. ಒಬ್ರು ಪೆಟ್ರೋಲಲ್ಲಿ ಎಥನಾಲ್ ಇದೆ ಅದಕ್ಕೇ ಅಂತಾರೆ, ಇನ್ನೊಬ್ರು ಆಯಿಲ್ ಜಾಸ್ತಿ ಹಾಕು ಅಂತಾರೆ, ಮತ್ತೊಬ್ರು ಪ್ರೀಮಿಯಂ ಪೆಟ್ರೋಲ್ ಹಾಕಿದ್ರೆ ಸರಿಹೋಗುತ್ತೆ ಅಂತಾರೆ. ಯಾರ ಮಾತು ಕೇಳ್ಬೇಕು?

ಗರಗಸದಣ್ಣ

ಚೋಕಲ್ಲಿ ಮಾತ್ರ ಓಡ್ತಿದೆ ಅಂದ್ರೆ ಪೆಟ್ರೋಲ್ ಸಾಕಾಗ್ತಿಲ್ಲ ಅಂತ ಅರ್ಥ. ಪ್ಲಗ್ ಸರಿ ಇದೆ, ಕಾರ್ಬ್ (ಕಾರ್ಬ್ಯುರೇಟರ್, ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ನೋಡಿ.

ಕಾರ್ಬ್‌ಮಿತ್ರ

ಗರಗಸದಣ್ಣ ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತೆ.

ಬ್ರಷ್ ಕಟರಲ್ಲಿ, ಚೈನ್ ಸಾದಲ್ಲಿ ಇರೋದು ಬೈಕಲ್ಲಿದ್ದಂಗೆ ಫ್ಲೋಟ್ ಇರೋ ಕಾರ್ಬ್ ಅಲ್ಲ, ಡಯಾಫ್ರಮ್ ಕಾರ್ಬ್. ಮೆಷಿನ್ ಓರೆಯಾದ್ರೂ ತಲೆಕೆಳಗಾದ್ರೂ ಪೆಟ್ರೋಲ್ ಬರ್ಬೇಕಲ್ವಾ, ಅದಕ್ಕೆ. ಒಳಗೆ ಎರಡು ತೆಳು ಹಾಳೆ ಇರ್ತಾವೆ. ಒಂದು ಪಂಪ್ ಡಯಾಫ್ರಮ್, ಅದು ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿದ ಹಾಗೆ ಅದುರಿ ಟ್ಯಾಂಕಿಂದ ಪೆಟ್ರೋಲ್ ಎಳೆಯುತ್ತೆ. ಇನ್ನೊಂದು ಮೀಟರಿಂಗ್ ಡಯಾಫ್ರಮ್, ಇದು ಒಂದು ಚಿಕ್ಕ ಲಿವರ್ ಒತ್ತಿ ಸೂಜಿ ತೆಗೆದು ಎಷ್ಟು ಬೇಕೋ ಅಷ್ಟು ಮಾತ್ರ ಒಳಗೆ ಬಿಡುತ್ತೆ. ಇವು ಮೆತ್ತಗಿದ್ರೆ ಮಾತ್ರ ಕೆಲಸ ಮಾಡ್ತಾವೆ. ಹಳೇ ಪೆಟ್ರೋಲಲ್ಲಿ ನೆನೆದು ಆಮೇಲೆ ಒಣಗಿದ್ರೆ ಬಿರುಸಾಗಿ ಪ್ಲಾಸ್ಟಿಕ್ ಹಾಳೆ ಥರ ಆಗಿಬಿಡ್ತಾವೆ, ಬೆರಳಲ್ಲಿ ಒತ್ತಿದ್ರೆ ಚಟ್ ಚಟ್ ಅಂತಾವೆ. ಆವಾಗ ಸೂಜಿ ಪೂರ್ತಿ ತೆರೆಯಲ್ಲ, ಪೆಟ್ರೋಲ್ ಕಮ್ಮಿ ಆಗುತ್ತೆ, ಚೋಕ್ ಹಾಕಿದಾಗ ಎಳೆತ ಜೋರಾಗೋದ್ರಿಂದ ಹೇಗೋ ಓಡುತ್ತೆ, ತೆಗೆದ್ರೆ ಸಾಯುತ್ತೆ. ಥೇಟ್ ನಿಮ್ಮ ಮೆಷಿನ್ ಹೇಳ್ತಿರೋದೇ.

ಜೊತೆಗೆ ಪಂಪ್ ಕಡೆ ಮುಚ್ಚಳ ಬಿಚ್ಚಿದ್ರೆ ಉಗುರಿಗಿಂತ ಚಿಕ್ಕ ಜಾಲರಿ ಒಂದಿರುತ್ತೆ. ಅದರ ಮೇಲೆ ಕಂದು ಬಣ್ಣದ ಅಂಟು ಕೂತಿದ್ರೆ ಬೆಳಕಿಗೆ ಹಿಡಿದ್ರೂ ತೂತು ಕಾಣಲ್ಲ. ಟ್ಯಾಂಕೊಳಗಿನ ಫಿಲ್ಟರನ್ನ ಬಗ್ಗಿಸಿದ ತಂತಿಯಲ್ಲಿ ಹೊರಗೆಳೆದು ನೋಡಿ, ಪೈಪ್ ಗಟ್ಟಿಯಾಗಿದ್ಯಾ ಬಿರುಕು ಬಿಟ್ಟಿದ್ಯಾ ಅದನ್ನೂ ನೋಡಿ, ಪ್ರೈಮರ್ ಬಲ್ಬ್ (ಸ್ಟಾರ್ಟ್ ಮಾಡೋ ಮುಂಚೆ ಬೆರಳಲ್ಲಿ ಒತ್ತೋ ಗುಂಡು) ಸೀಳಿದ್ರೆ ಅಲ್ಲಿಂದ ಗಾಳಿ ಎಳೀತಿರುತ್ತೆ.

ಹಸಿರುಬೇಲಿ

ಧನ್ಯವಾದ ಅಣ್ಣ, ನಾಳೆ ಬಿಚ್ತೀನಿ. ಕಾರ್ಬ್ ರಿಪೇರಿ ಕಿಟ್ (ಹೊಸ ಡಯಾಫ್ರಮ್, ಗ್ಯಾಸ್ಕೆಟ್ ಇರೋದು) ತರಿಸಿಕೊಳ್ಳೋದಾ ಅಥವಾ ಇಡೀ ಕಾರ್ಬ್ ಬದಲಾಯಿಸೋದಾ?

ಕಾರ್ಬ್‌ಮಿತ್ರ

ವಾಲ್ಬ್ರೋ ಅಥವಾ ಜಾಮಾ ಕಾರ್ಬ್ ಆಗಿದ್ರೆ ಕಿಟ್ ಸಾಕು, ಮೈ ಮೇಲೆ ಮಾಡಲ್ ನಂಬರ್ ಕೊರೆದಿರುತ್ತೆ, ಅದಕ್ಕೆ ಹೊಂದೋ ಕಿಟ್ ಸಿಗುತ್ತೆ. ಬಿಚ್ಚುವಾಗ ಹಂತ ಹಂತಕ್ಕೂ ಫೋಟೋ ತೆಗೀರಿ, ಜನ ಎಡವೋದು ಜೋಡಿಸುವಾಗ. ಸಾಮಾನ್ಯವಾಗಿ ಮೀಟರಿಂಗ್ ಕಡೆ ಮೊದ್ಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ಪಂಪ್ ಕಡೆ ಉಲ್ಟಾ, ಮೊದ್ಲು ಡಯಾಫ್ರಮ್, ಅದರ ಮೇಲೆ ಗ್ಯಾಸ್ಕೆಟ್. ಇದು ಅದಲು ಬದಲಾದ್ರೆ ಹೊಸ ಕಿಟ್ ಹಾಕಿಯೂ ಮೆಷಿನ್ ಓಡಲ್ಲ. ಕ್ಲೀನರ್ ಸ್ಪ್ರೇ ಹೊಡೆಯೋ ಮುಂಚೆ ರಬ್ಬರೆಲ್ಲ ತೆಗೆದಿಡಿ. ತೂತುಗಳಿಗೆ ತಂತಿ, ಗುಂಡುಸೂಜಿ ತೂರಿಸ್ಬೇಡಿ, ಆ ತೂತಿನ ಅಳತೆನೇ ಮೆಷಿನ್ನಿನ ಪ್ರಾಣ, ಗೀಚಿ ದೊಡ್ಡದಾದ್ರೆ ಮುಗೀತು.

ಟೂಟಿ_ಪ್ರಿಯ

ಕಾರ್ಬ್ ಬಿಚ್ಚೋದು ಆಮೇಲೆ, ಮೊದ್ಲು ಆಯಿಲ್ ಅನುಪಾತ ಕೇಳಿ. ನಾನಂತೂ ಎಲ್ಲಾ ಮೆಷಿನ್‌ಗೂ 25:1 (25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಹಾಕ್ತೀನಿ, ಆಯಿಲ್ ಜಾಸ್ತಿ ಇದ್ರೆ ಇಂಜಿನ್ ಸೇಫ್. 50:1 ಎಲ್ಲಾ ಕಂಪನಿಯವರು ಹೊಗೆ ಕಮ್ಮಿ ತೋರಿಸೋಕೆ ಹೇಳೋದು.

ಸ್ಪ್ಯಾನರ್_13

ಅದು ಪೂರ್ತಿ ಒಪ್ಪೋಕಾಗಲ್ಲ ಟೂಟಿ ಅವರೇ. 25:1 ಅಂದ್ರೆ ಲೀಟರಿಗೆ 40 ಎಂಎಲ್, ಅದು ಹಳೇ ಮಿನರಲ್ ಆಯಿಲ್ ಕಾಲದ ಲೆಕ್ಕ. ಜಾಸೊ ಎಫ್‌ಡಿ ದರ್ಜೆ (ಟೂ ಸ್ಟ್ರೋಕ್ ಆಯಿಲ್ಲಿಗೆ ಜಪಾನಿನ ಗುಣಮಟ್ಟದ ದರ್ಜೆ) ಆಯಿಲ್ ಇದ್ದು ಮ್ಯಾನುವಲ್ಲಲ್ಲಿ 50:1 ಅಂದಿದ್ರೆ ಲೀಟರಿಗೆ 20 ಎಂಎಲ್ ಸಾಕು. ಬೇಕಂತ ಡಬಲ್ ಹಾಕಿದ್ರೆ ಸೈಲೆನ್ಸರಿನ ಬಾಯಲ್ಲಿರೋ ಕಿಡಿ ತಡೆಯೋ ಜಾಲರಿಗೆ ಮಸಿ ಕಟ್ಟುತ್ತೆ. ಆವಾಗ ಐಡಲ್ ಚೆನ್ನಾಗಿರುತ್ತೆ ಆದ್ರೆ ಫುಲ್ ಕೊಟ್ರೆ ಮೇಲಕ್ಕೇ ಏರಲ್ಲ, ಜನ ಅದನ್ನೂ ಕಾರ್ಬ್ ಪ್ರಾಬ್ಲಮ್ ಅಂದ್ಕೊಂಡು ಕಾರ್ಬ್ ಬದಲಾಯಿಸ್ತಾರೆ. ಜಾಲರಿ ಬಿಚ್ಚಿ ತಂತಿ ಬ್ರಷ್ಷಲ್ಲಿ ಉಜ್ಜಿದ್ರೆ ಮುಗಿಯೋ ಕೆಲಸ.

ಮ್ಯಾನುವಲ್ಲೇ 25:1 ಅಂದಿದ್ರೆ 25:1 ಹಾಕಿ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಇನ್ನೊಂದು, ದೋಣಿ ಇಂಜಿನ್ನಿನ ಟಿಸಿ-ಡಬ್ಲ್ಯೂ3 ಆಯಿಲ್ ಇದಕ್ಕೆ ಹಾಕ್ಬೇಡಿ. ಅದು ನೀರಲ್ಲಿ ತಣ್ಣಗಾಗೋ ಇಂಜಿನ್‌ಗೆ ಮಾಡಿದ್ದು, ನಮ್ಮದು ಗಾಳಿಯಲ್ಲಿ ತಣ್ಣಗಾಗೋದು, ಶಾಖ ಬಹಳ ಜಾಸ್ತಿ.

ಟೂಟಿ_ಪ್ರಿಯ

ಆಯಿಲ್ ಜಾಸ್ತಿ ಆದ್ರೆ ಪೆಟ್ರೋಲ್ ಕಮ್ಮಿ ಆಗಿ ಲೀನ್ ಓಡುತ್ತೆ ಅಂತಾನೂ ಕೆಲವರು ಹೆದರಿಸ್ತಾರೆ, ಅದು ನಿಜಾನಾ?

ಸ್ಪ್ಯಾನರ್_13

ಲೆಕ್ಕ ಹಾಕಿ ನೋಡಿ. 50:1 ಮಿಕ್ಸಲ್ಲಿ ಸುಮಾರು 98 ಪರ್ಸೆಂಟ್ ಪೆಟ್ರೋಲ್, 40:1 ರಲ್ಲಿ 97.5. ಅರ್ಧ ಪರ್ಸೆಂಟ್ ವ್ಯತ್ಯಾಸ. ಅದಕ್ಕೆ ಯಾವ ಇಂಜಿನ್ನೂ ಸೀಜ್ ಆಗಲ್ಲ. ನನಗೆ ಬೇಜಾರಾಗೋದು ಏನಂದ್ರೆ 40 ಹಾಕ್ಬೇಕಾ 50 ಹಾಕ್ಬೇಕಾ ಅಂತ ವರ್ಷಗಟ್ಟಲೆ ಜಗಳ ಆಡೋ ನಾವೇ ಕ್ಯಾನಲ್ಲಿರೋ ಪೆಟ್ರೋಲ್ ಯಾವಾಗ ತಂದಿದ್ದು ಅಂತ ನೆನಪಿಟ್ಕೊಳ್ಳಲ್ಲ. ರಿಪೇರಿಗೆ ಬರೋ ಮೆಷಿನ್‌ಗಳಲ್ಲಿ ಓಡಿ ಓಡಿ ಸವೆದು ಬರೋದು ಕಮ್ಮಿ, ಪೆಟ್ರೋಲ್ ತುಂಬ್ಕೊಂಡು ಸುಮ್ನೆ ಕೂತು ಕೆಟ್ಟು ಬರೋದೇ ಜಾಸ್ತಿ.

ನಿಧಾನಸ್ಥ

ಹಂಗಾದ್ರೆ ಎಥನಾಲ್ ವಿಷಯ ಏನು? ಕಾರಿಗೆ ಏನೂ ಆಗಲ್ಲ, ಇದಕ್ಕೆ ಮಾತ್ರ ಯಾಕೆ?

ಕಾರ್ಬ್‌ಮಿತ್ರ

ಒಳ್ಳೆ ಪ್ರಶ್ನೆ. ಕಾರಲ್ಲಿ ಎಕ್ಸಾಸ್ಟ್ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಪೆಟ್ರೋಲ್ ಸಾಲದು ಅನ್ನಿಸಿದ್ರೆ ಕಂಪ್ಯೂಟರ್ ತಾನೇ ಜಾಸ್ತಿ ಬಿಡುತ್ತೆ. ನಮ್ಮ ಮೆಷಿನ್ನಲ್ಲಿ ಇರೋದು ಒಂದು ತೂತು ಒಂದು ಸ್ಕ್ರೂ ಅಷ್ಟೇ.

ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು, ಯಾಕಂದ್ರೆ ಅದರೊಳಗೇ ಆಕ್ಸಿಜನ್ ಇದೆ. ಇ10 ಅಂದ್ರೆ ನೂರಕ್ಕೆ ಹತ್ತು ಪಾಲು ಎಥನಾಲ್ ಸೇರಿದ ಪೆಟ್ರೋಲ್, ಅದಕ್ಕೆ ಸುಮಾರು 14.1, ಇ20ಗೆ ಸುಮಾರು 13.5. ಅಂದ್ರೆ ಅದೇ ತೂತಲ್ಲಿ ಅಷ್ಟೇ ಇಂಧನ ಬಂದ್ರೂ ಇಂಜಿನ್‌ಗೆ ಅದು ಕಮ್ಮಿ ಬಿದ್ದ ಹಾಗೆ, ಲೀನ್ ಆಗುತ್ತೆ, ಬಿಸಿ ಜಾಸ್ತಿ ಆಗುತ್ತೆ, ಟೂ ಸ್ಟ್ರೋಕಲ್ಲಿ ಪಿಸ್ಟನ್ ಗೀರು ಬೀಳೋದು ಇಲ್ಲಿಂದನೇ. ಸ್ಟಿಲ್, ಹಸ್ಕ್‌ವರ್ನಾ, ಹೋಂಡಾ, ಬ್ರಿಗ್ಸ್ ಅಂಡ್ ಸ್ಟ್ರಾಟನ್ ಮ್ಯಾನುವಲ್‌ಗಳು ಸಾಮಾನ್ಯವಾಗಿ ಎಥನಾಲ್ 10 ಪರ್ಸೆಂಟ್ ದಾಟಬಾರದು ಅನ್ನೋದು ಸುಮ್ನೆ ಅಲ್ಲ. ಇ20 ಗೆ ಸರಿಹೊಂದುತ್ತೆ ಅಂತ ನಿಮ್ಮ ಮೆಷಿನ್ನಿನ ಪುಸ್ತಕದಲ್ಲೇ ಬರೆದಿದ್ರೆ ಧೈರ್ಯವಾಗಿ ಹಾಕಿ, ಬರೆದಿಲ್ಲ ಅಂದ್ರೆ ಕಾರಿಗೆ ನಡೆಯುತ್ತೆ ಅನ್ನೋ ಒಂದೇ ಕಾರಣಕ್ಕೆ ಹಾಕ್ಬೇಡಿ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಎಥನಾಲ್ ಗಾಳಿಯ ತೇವ ಹೀರುತ್ತೆ. ಇ10 ಪೆಟ್ರೋಲ್ ಲೀಟರಿಗೆ ಸುಮಾರು 5 ಎಂಎಲ್ ನೀರಿನವರೆಗೂ ತನ್ನೊಳಗೆ ಕರಗಿಸಿಟ್ಕೊಳ್ಳುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಅಥವಾ ಚಳಿ ಏರಿದ್ರೆ ನೀರೂ ಎಥನಾಲೂ ಒಟ್ಟಿಗೆ ಬಿಟ್ಕೊಂಡು ಕೆಳಗೆ ಕೂರುತ್ತೆ. ಟ್ಯಾಂಕಲ್ಲಿ ಫಿಲ್ಟರ್ ಇರೋದೂ ತಳದಲ್ಲೇ. ನಾವು ಬೆರೆಸೋ ಟೂಟಿ (ಟೂ ಸ್ಟ್ರೋಕ್) ಆಯಿಲ್ ಮಾತ್ರ ಮೇಲಿನ ಪೆಟ್ರೋಲ್ ಜೊತೆ ಉಳ್ಕೊಳ್ಳುತ್ತೆ, ಆ ಕೆಳಗಿನ ಪದರದಲ್ಲಿ ಆಯಿಲ್ ಇಲ್ಲ ಅನ್ನೋಷ್ಟು ಕಮ್ಮಿ. ನೀವು ಸರಿಯಾಗಿ 20 ಎಂಎಲ್ ಅಳೆದು ಹಾಕಿದ್ರೂ ಇಂಜಿನ್ ಕುಡೀತಿರೋದು ಆಯಿಲ್ ಇಲ್ಲದ್ದು! ಇದನ್ನ ತುಂಬಾ ಜನ ಗಮನಿಸಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಹುಲ್ಲುಕೊಯ್ಲು

ಪಂಪಲ್ಲಿ ಬೋರ್ಡ್ ಇಲ್ಲದಿದ್ರೆ ಎಷ್ಟು ಎಥನಾಲ್ ಇದೆ ಅಂತ ತಿಳಿಯೋದು ಹೇಗೆ?

ನಿಧಾನಸ್ಥ

ಅದಕ್ಕೆ ಸುಲಭದ ಪರೀಕ್ಷೆ ಇದೆ, ನಾನು ಮಾಡ್ತಿರ್ತೀನಿ. 100 ಎಂಎಲ್ ಗುರುತಿರೋ ಉದ್ದ ಗಾಜಿನ ಜಾಡಿ ತಗೊಳ್ಳಿ, 10 ಎಂಎಲ್ ವರೆಗೆ ನೀರು, ಅದರ ಮೇಲೆ 100 ರ ಗುರುತಿನವರೆಗೆ ಪೆಟ್ರೋಲ್. ಮುಚ್ಚಿ ಅಲ್ಲಾಡಿಸಿ, ನಿಧಾನಕ್ಕೆ ಮುಚ್ಚಳ ಸಡಿಲಿಸಿ ಆವಿ ಬಿಡಿ, ಆಮೇಲೆ ಅಲ್ಲಾಡಿಸದೆ ಬಿಡಿ. ಮೊದ್ಲು ಹಾಲಿನ ಥರ ಮಬ್ಬಾಗುತ್ತೆ, ಆಮೇಲೆ ಗೆರೆ ಎಳೆದ ಹಾಗೆ ಎರಡು ಪದರ ಆಗುತ್ತೆ. ಎಥನಾಲ್ ಇಲ್ಲದಿದ್ರೆ ಕೆಳಗಿನ ಪದರ 10 ರಲ್ಲೇ ನಿಲ್ಲುತ್ತೆ. 19 ರ ಹತ್ರ ಬಂದ್ರೆ ಸುಮಾರು ಇ10, 28 ರ ಹತ್ರ ಬಂದ್ರೆ ಸುಮಾರು ಇ20. ಬಯಲಲ್ಲಿ ಮಾಡಿ, ಹತ್ರ ಒಲೆ ಬೀಡಿ ಏನೂ ಇರ್ಬಾರದು.

ಹುಲ್ಲುಕೊಯ್ಲು

ಅರೆ ಹಾಗಾದ್ರೆ ಹಿಂಗೇ ನೀರು ಹಾಕಿ ಎಥನಾಲ್ ತೆಗೆದು ಮೇಲಿನ ಪೆಟ್ರೋಲ್ ಬಳಸ್ಬಹುದಲ್ವಾ? ವಿಡಿಯೋದಲ್ಲಿ ನೋಡಿದೆ.

ನಿಧಾನಸ್ಥ

ಬೇಡ. ಎಥನಾಲ್ ಇದೆ ಅಂತ ಲೆಕ್ಕ ಹಾಕೇ ಆ ಪೆಟ್ರೋಲಿನ ಆಕ್ಟೇನ್ ಹೊಂದಿಸಿರ್ತಾರೆ, ತೆಗೆದ್ರೆ ಆಕ್ಟೇನ್ ಬೀಳುತ್ತೆ. ಉಳಿದ ಪೆಟ್ರೋಲಲ್ಲಿ ಸ್ವಲ್ಪ ನೀರೂ ಇರುತ್ತೆ, ಕೆಳಗಿನ ವಿಷ ಎಲ್ಲಿ ಚೆಲ್ತೀರ?

ತೋಟದಕೆಲಸ

ಪ್ರೀಮಿಯಂ ಪೆಟ್ರೋಲ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹಾಕ್ತೀನಿ, ಮೆಷಿನ್ ಪವರ್ ಜಾಸ್ತಿ ಅನ್ಸುತ್ತೆ.

ಸ್ಪ್ಯಾನರ್_13

ಆಕ್ಟೇನ್ ಅಂದ್ರೆ ಹೊತ್ತಿಗೆ ಮುಂಚೆ ತಾನಾಗೇ ಸಿಡಿಯದೆ ತಡ್ಕೊಳ್ಳೋ ಶಕ್ತಿ, ಅದು ಜಾಸ್ತಿ ಇದ್ರೆ ಪವರ್ ಜಾಸ್ತಿ ಅಂತ ಇಲ್ಲ. ಮ್ಯಾನುವಲ್ಲಲ್ಲಿ 90 ರಾನ್ (ಆಕ್ಟೇನ್ ಅಳೆಯೋ ಅಂಕಿ) ಕೇಳಿದ್ರೆ 90 ಸಾಕು. ಕೆಲವು ಪ್ರೀಮಿಯಂಗಳಲ್ಲಿ ಎಥನಾಲ್ ಕಮ್ಮಿ ಅಥವಾ ಇಲ್ಲ, ಅದು ನಿಜವಾದ ಲಾಭ, ಆದ್ರೆ ಎಲ್ಲಾ ಪ್ರೀಮಿಯಂ ಹಾಗಲ್ಲ. ಮೇಲಿನ ಜಾಡಿ ಪರೀಕ್ಷೆ ಮಾಡಿ ನೋಡಿ, ಹೆಸರು ನೋಡಿ ನಂಬ್ಬೇಡಿ.

ಗರಗಸದಣ್ಣ

ದಿನಾ ಮರ ಕೊಯ್ಯೋನಾಗಿ ಒಂದು ಮಾತು. ದಿನಾ ಓಡೋ ಸಾಗೆ ಪಂಪಿನ ಪೆಟ್ರೋಲ್ ಇ10 ಹಾಕಿದ್ರೂ ಏನೂ ತೊಂದ್ರೆ ಕಂಡಿಲ್ಲ, ಟ್ಯಾಂಕಲ್ಲಿ ಪೆಟ್ರೋಲ್ ಹಳೇದಾಗೋಕೆ ಸಮಯನೇ ಸಿಗಲ್ಲ. ಆದ್ರೆ ಅಪರೂಪಕ್ಕೆ ತೆಗೆಯೋ ದೊಡ್ಡ ಸಾಗೆ ಆಲ್ಕೈಲೇಟ್ ಅನ್ನೋ ವಿಶೇಷ ಶುದ್ಧ ಪೆಟ್ರೋಲ್ ಹಾಕ್ತೀನಿ. ಸ್ಟಿಲ್ ಮೋಟೋಮಿಕ್ಸ್, ಆಸ್ಪೆನ್ ಥರದ್ದು. ಎಥನಾಲ್ ಇಲ್ಲ, ಬೆಂಜೀನ್ ಇಲ್ಲ ಅನ್ನೋಷ್ಟು ಕಮ್ಮಿ, ವರ್ಷಗಟ್ಟಲೆ ಇಟ್ರೂ ಅಂಟಾಗಲ್ಲ. ದುಬಾರಿ, ಅದು ಗೊತ್ತು. ಆದ್ರೆ ಇಡೀ ದಿನ ಮುಖದ ಹತ್ರ ಹೊಗೆ ಕುಡಿಯೋನಿಗೆ ಆ ವ್ಯತ್ಯಾಸ ಗೊತ್ತಾಗುತ್ತೆ, ಸಂಜೆ ತಲೆ ಭಾರ ಇರಲ್ಲ. ನನಗೆ ಮೆಷಿನ್ನಿಗಿಂತ ಇದೇ ದೊಡ್ಡ ಕಾರಣ.

ಹಳೇ ಮೆಷಿನ್ನನ್ನ ಒಮ್ಮೆಲೇ ಆಲ್ಕೈಲೇಟ್‌ಗೆ ಬದಲಾಯಿಸಿದ್ರೆ ಹಳೇ ಪೆಟ್ರೋಲಲ್ಲಿ ಉಬ್ಬಿದ್ದ ರಬ್ಬರ್ ಸೀಲು, ಪೈಪು ಕುಗ್ಗಿ ಸೋರಬಹುದು, ಮೊದಲ ಕೆಲವು ಸಲ ಕಣ್ಣಿಟ್ಟಿರಿ.

ನಿಧಾನಸ್ಥ

ಇ20 ಬಿಟ್ರೆ ಬೇರೆ ಏನೂ ಸಿಗದವರು ಏನ್ ಮಾಡ್ಬೇಕು? ಆಲ್ಕೈಲೇಟ್ ಎಲ್ಲಾ ಕಡೆ ಸಿಗಲ್ಲ.

ಕಾರ್ಬ್‌ಮಿತ್ರ

ಸ್ಕ್ರೂ ಇರೋ ಕಾರ್ಬ್ ಆದ್ರೆ ಎಚ್ ಸ್ಕ್ರೂನ (ಫುಲ್ ವೇಗದಲ್ಲಿ ಪೆಟ್ರೋಲ್ ಎಷ್ಟು ಅಂತ ಹೊಂದಿಸೋದು) ಸ್ವಲ್ಪ ಹೊರಗೆ ತಿರುಗಿಸಿ ರಿಚ್ ಮಾಡ್ಬೇಕು, ಅಂದ್ರೆ ಗಾಳಿಗೆ ಪೆಟ್ರೋಲ್ ಜಾಸ್ತಿ ಸೇರೋ ಹಾಗೆ. ಟ್ಯಾಕೋಮೀಟರ್ ಇದ್ರೆ ಮ್ಯಾನುವಲ್ ಹೇಳಿದ ಗರಿಷ್ಠ ಆರ್‌ಪಿಎಂ ದಾಟದ ಹಾಗೆ ನೋಡ್ಕೊಳ್ಳಿ. ಚೈನ್ ಸಾದಲ್ಲಿ ಕಿವಿಯಲ್ಲೇ ಗೊತ್ತಾಗುತ್ತೆ, ಲೋಡ್ ಇಲ್ಲದೆ ಫುಲ್ ಕೊಟ್ಟಾಗ ಸ್ವಲ್ಪ ಬರಬರ ಅಂತ ಒಡೆದ ಸದ್ದು ಬರ್ಬೇಕು, ಮರಕ್ಕೆ ಇಟ್ಟ ತಕ್ಷಣ ಆ ಸದ್ದು ಸ್ವಚ್ಛ ಆಗ್ಬೇಕು. ಲೋಡ್ ಇಲ್ಲದೇನೂ ಕಿರ್ರ್ ಅಂತ ಚೂಪಾಗಿ ಕಿರುಚ್ತಿದ್ರೆ ಅದು ಲೀನ್, ಆವಾಗಲೇ ಬಿಡಿ ಟ್ರಿಗರ್. ಬ್ರಷ್ ಕಟರ್ ಆದ್ರೆ ಹುಲ್ಲು ಕತ್ತರಿಸೋ ನೈಲಾನ್ ನೂಲು ಪೂರ್ತಿ ಉದ್ದ ಇರುವಾಗ ಮಾತ್ರ ಟ್ಯೂನ್ ಮಾಡಿ. ಎಂ-ಟ್ರಾನಿಕ್, ಆಟೋಟ್ಯೂನ್ ಇರೋ ಮೆಷಿನ್‌ಗಳು ತಾವೇ ಹೊಂದಿಸ್ಕೊಳ್ತಾವೆ, ಆದ್ರೆ ಅದರ ರಬ್ಬರ್ ಪೈಪ್ ಎಥನಾಲ್ ತಡೆಯುತ್ತಾ ಅನ್ನೋದು ಬೇರೆ ಪ್ರಶ್ನೆ.

ಟ್ಯೂನಿಂಗ್ ಮುಟ್ಟೋ ಮುಂಚೆ ಗಾಳಿ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಟ್ರಿಗರ್ ಬಿಟ್ಮೇಲೂ ಆರ್‌ಪಿಎಂ ಇಳಿಯೋಕೆ ತಡ ಮಾಡಿದ್ರೆ, ಐಡಲ್ ಏರಿಳಿದ್ರೆ, ಕ್ರ್ಯಾಂಕ್ ಸೀಲ್ ಅಥವಾ ಇನ್‌ಟೇಕ್ ರಬ್ಬರ್ ಮೇಲೆ ಅನುಮಾನ ಪಡಿ. ಸ್ಕ್ರೂ ತಿರುಗಿಸಿ ಅದನ್ನ ಮುಚ್ಚಿಹಾಕೋಕೆ ಹೋದ್ರೆ ಇಂಜಿನ್ ಹೋಗುತ್ತೆ.

ತೋಟದಕೆಲಸ

ಇಂಜಿನ್‌ಗೆ ಈಗಾಗ್ಲೇ ಪೆಟ್ಟು ಬಿದ್ದಿದ್ಯಾ ಅಂತ ತಿಳಿಯೋಕೆ ಪೂರ್ತಿ ಬಿಚ್ಬೇಕಾ?

ಗರಗಸದಣ್ಣ

ಬೇಡ. ಸೈಲೆನ್ಸರ್ ಮಾತ್ರ ಬಿಚ್ಚಿ, ಪ್ಲಗ್ ತೆಗೆದು ಹಗ್ಗ ನಿಧಾನಕ್ಕೆ ಎಳೆದು ಎಕ್ಸಾಸ್ಟ್ ಬಾಯಿಗೆ ಟಾರ್ಚ್ ಹಾಕಿ ನೋಡಿ. ಪಿಸ್ಟನ್ ಮೈ ಮೇಲೆ ಅಡ್ಡ ಅಡ್ಡ ಸಣ್ಣ ಗೆರೆ ಕಂಡ್ರೆ ಅದು ಫ್ಯಾಕ್ಟರಿಯದ್ದು, ಖುಷಿಪಡಿ. ಮೇಲಿಂದ ಕೆಳಗೆ ಉದ್ದುದ್ದ ಗೀರು, ಮಂಕಾದ ಬೂದು ಪಟ್ಟೆ ಕಂಡ್ರೆ ಅದು ಲೀನ್ ಓಡಿದ್ದೋ ಆಯಿಲ್ ಸಾಲದ್ದೋ. ಎಕ್ಸಾಸ್ಟ್ ಕಡೆ ಜಾಸ್ತಿ ಬಿಸಿ, ಅದಕ್ಕೆ ಸಾಮಾನ್ಯವಾಗಿ ಮೊದ್ಲು ಅಲ್ಲೇ ಬೀಳುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನಾನು ಇದನ್ನ ನೋಡದೆ ತಗೊಳ್ಳಲ್ಲ.

ಹಸಿರುಬೇಲಿ

ಅಪ್‌ಡೇಟ್: ಬಿಚ್ಚಿದೆ. ಮೀಟರಿಂಗ್ ಡಯಾಫ್ರಮ್ ನೀವು ಹೇಳಿದ ಹಾಗೇ ಚಟ್ ಅಂತಿತ್ತು, ಜಾಲರಿ ಅರ್ಧಕ್ಕರ್ಧ ಮುಚ್ಚಿತ್ತು. ಕಿಟ್ ಹಾಕಿ ಪೈಪ್ ಬದಲಾಯಿಸಿ ಹೊಸ ಮಿಕ್ಸ್ ತುಂಬಿದೆ, ಈಗ ಚೋಕ್ ಇಲ್ಲದೇ ಫುಲ್ ಹೋಗ್ತಿದೆ. ಎಲ್ರಿಗೂ ತುಂಬಾ ಥ್ಯಾಂಕ್ಸ್. ಇನ್ನು ಮುಂದೆ ಹಿಂಗಾಗದಂಗೆ ಇಡೋದು ಹೇಗೆ? ಟ್ಯಾಂಕ್ ಫುಲ್ ಮಾಡಿ ಇಡ್ಬೇಕು ಅಂತ ಒಬ್ರು, ಖಾಲಿ ಮಾಡಿ ಅಂತ ಒಬ್ರು.

ಸ್ಪ್ಯಾನರ್_13

ಒಳ್ಳೆ ಸುದ್ದಿ. ಟೂ ಸ್ಟ್ರೋಕಲ್ಲಿ ಖಾಲಿ ಮಾಡಿ. ಟ್ಯಾಂಕ್ ಬಸಿದು, ಪ್ರೈಮರ್ ಕೆಲವು ಸಲ ಒತ್ತಿ, ಸ್ಟಾರ್ಟ್ ಮಾಡಿ ಐಡಲಲ್ಲಿ ತಾನಾಗೇ ನಿಲ್ಲೋವರೆಗೂ ಬಿಡಿ. ಫುಲ್ ಟ್ಯಾಂಕ್ ಸಲಹೆ ಕಬ್ಬಿಣದ ಟ್ಯಾಂಕ್ ತುಕ್ಕು ಹಿಡೀಬಾರದು ಅಂತ ಬಂದಿದ್ದು, ಪ್ಲಾಸ್ಟಿಕ್ ಟ್ಯಾಂಕಿಗೆ ಅದು ಬೇಕಿಲ್ಲ.

ಮಿಕ್ಸ್ ಮಾಡುವಾಗ ತಿಂಗಳೊಳಗೆ ಮುಗಿಯೋಷ್ಟೇ ಮಾಡಿ. ಬ್ರಿಗ್ಸ್‌ನವರೂ ಪೆಟ್ರೋಲ್ ಸುಮಾರು 30 ದಿನದಲ್ಲೇ ಕೆಡೋಕೆ ಶುರು ಆಗುತ್ತೆ ಅಂತಾರೆ, ಹಗುರ ಅಂಶ ಹಾರಿಹೋಗಿ ಸ್ಟಾರ್ಟಿಂಗ್ ಕಷ್ಟ ಆಗುತ್ತೆ, ಉಳಿದಿದ್ದು ಗಾಳಿ ಜೊತೆ ಸೇರಿ ಅಂಟಾಗುತ್ತೆ. ಸ್ಟೆಬಿಲೈಸರ್ ಹಾಕೋದಾದ್ರೆ ತಂದ ದಿನಾನೇ ಹಾಕಿ, ಅದು ಕೆಡೋದನ್ನ ತಡ ಮಾಡುತ್ತೆ ಅಷ್ಟೇ, ಕೆಟ್ಟಿದ್ದನ್ನ ಸರಿಮಾಡಲ್ಲ. ಕ್ಯಾನ್ ಮೇಲೆ ತಾರೀಕು, ಅನುಪಾತ ಎರಡೂ ಬರೀರಿ. ಆಯಿಲ್ ಇಲ್ಲದ ಪೆಟ್ರೋಲ್ ತಪ್ಪಿ ಸಾಗೆ ಬಿದ್ರೆ ನಿಮಿಷಗಳಲ್ಲಿ ಪಿಸ್ಟನ್ ಹೋಗುತ್ತೆ, ಅದಕ್ಕೇ ಬಣ್ಣ ಇರೋ ಆಯಿಲ್ ಒಳ್ಳೇದು, ನೋಡಿದ್ರೆ ಗೊತ್ತಾಗುತ್ತೆ.

ತೋಟದಕೆಲಸ

ಕೂಲ್‌ಡ್ರಿಂಕ್ ಬಾಟಲಲ್ಲಿ ಇಟ್ರೆ ಆಗಲ್ವಾ, ಎಲ್ರೂ ಇಡ್ತಾರೆ.

ಕಾರ್ಬ್‌ಮಿತ್ರ

ದಯವಿಟ್ಟು ಬೇಡ. ಮಕ್ಕಳು ಶರಬತ್ತು ಅಂದ್ಕೊಂಡು ಕುಡಿಯೋ ಅಪಾಯ ಒಂದು, ಬಿಸಿಲಿಗೆ ಆವಿ ತುಂಬಿ ಮುಚ್ಚಳ ಸೋರೋದು ಇನ್ನೊಂದು. ಪೆಟ್ರೋಲಿಗೇ ಮಾಡಿದ ಕ್ಯಾನ್ ತಗೊಳ್ಳಿ, ಪಂಪಲ್ಲಿ ಅದನ್ನ ನೆಲದ ಮೇಲಿಟ್ಟು ತುಂಬಿಸಿ. ಬಿಸಿ ಇಂಜಿನ್‌ಗೆ ಪೆಟ್ರೋಲ್ ಹುಯ್ಯಬೇಡಿ, ತಣಿಯೋಕೆ ಬಿಡಿ, ತುಂಬಿದ ಜಾಗದಿಂದ ಕಮ್ಮಿ ಅಂದ್ರೂ 3 ಮೀಟರ್ ದೂರ ಹೋಗಿ ಸ್ಟಾರ್ಟ್ ಮಾಡಿ.

ಬ್ಯಾಟರಿಬಳಗ

ಇಷ್ಟೆಲ್ಲ ತಲೆನೋವು ಯಾಕೆ, ಬ್ಯಾಟರಿ ಮೆಷಿನ್ ತಗೊಳ್ಳಿ, ಅರ್ಧ ವರ್ಷ ಇಟ್ರೂ ಸ್ವಿಚ್ ಒತ್ತಿದ್ರೆ ಓಡುತ್ತೆ.

ಗರಗಸದಣ್ಣ

ಚಿಕ್ಕ ಅಂಗಳ, ಬೇಲಿ ಕತ್ತರಿಸೋದಕ್ಕೆ ನಾನೂ ಅದನ್ನೇ ಹೇಳ್ತೀನಿ, ನಿಜವಾಗ್ಲೂ ಒಳ್ಳೇದು. ಕರೆಂಟಿಲ್ಲದ ಕಡೆ ಇಡೀ ದಿನ ದಪ್ಪ ಮರ ಕೊಯ್ಯೋನಿಗೆ ಇನ್ನೂ ಪೆಟ್ರೋಲೇ.

ಹುಲ್ಲುಕೊಯ್ಲು

ನಂದು ಬೇರೆ ಸಮಸ್ಯೆ. ಚೈನ್ ಸಾ ಚೆನ್ನಾಗಿ ಓಡ್ತಿರುತ್ತೆ, ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ನಿಲ್ಲುತ್ತೆ. ಟ್ಯಾಂಕ್ ಮುಚ್ಚಳ ತೆಗೆದು ಹಾಕಿದ್ರೆ ಮತ್ತೆ ಓಡುತ್ತೆ.

ಸ್ಪ್ಯಾನರ್_13

ಉತ್ತರ ನೀವೇ ಹೇಳಿದೀರ. ಟ್ಯಾಂಕ್ ವೆಂಟ್ ಕಟ್ಟಿದೆ. ಪೆಟ್ರೋಲ್ ಖಾಲಿ ಆದಷ್ಟೂ ಗಾಳಿ ಒಳಗೆ ಹೋಗ್ಬೇಕು, ಹೋಗ್ತಿಲ್ಲ. ವೆಂಟ್ ಬದಲಾಯಿಸಿ, ತೀರಾ ಚಿಕ್ಕ ಭಾಗ.

ಹುಲ್ಲುಕೊಯ್ಲು

ಸರಿ ನೋಡ್ತೀನಿ. ಜೊತೆಗೆ ಫೋರ್ ಸ್ಟ್ರೋಕ್ ಮೋವರ್ ಒಂದಿದೆ, ಅದು ಐಡಲಲ್ಲಿ ಏರೋದು ಇಳಿಯೋದು ಮಾಡುತ್ತೆ, ಮತ್ತೆ ಡಿಪ್‌ಸ್ಟಿಕಲ್ಲಿ ಆಯಿಲ್ ನಾನು ಹಾಕಿದ್ದಕ್ಕಿಂತ ಜಾಸ್ತಿ ತೋರಿಸ್ತಿದೆ, ಎಲ್ಲಿಂದ ಬಂತು?

ಕಾರ್ಬ್‌ಮಿತ್ರ

ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡ್ಲೇಬೇಡಿ. ಮೋವರಲ್ಲಿರೋದು ಫ್ಲೋಟ್ ಕಾರ್ಬ್, ಅದರ ಫ್ಲೋಟ್ ಸೂಜಿ ಸರಿಯಾಗಿ ಮುಚ್ಕೊಳ್ತಿಲ್ಲ, ನಿಂತಾಗ ಪೆಟ್ರೋಲ್ ಕಾರ್ಬ್ ದಾಟಿ ಸಿಲಿಂಡರಿಗೆ, ಅಲ್ಲಿಂದ ಆಯಿಲ್‌ಗೆ ಇಳೀತಿದೆ. ತೆಳುವಾದ ಆಯಿಲಲ್ಲಿ ಓಡಿಸಿದ್ರೆ ಬೇರಿಂಗ್ ಹೋಗುತ್ತೆ. ಫ್ಯೂಯಲ್ ಟ್ಯಾಪ್ ಮುಚ್ಚಿ, ಆಯಿಲ್ ಪೂರ್ತಿ ಬಸಿದು ಮ್ಯಾನುವಲ್ ಹೇಳಿದ್ದನ್ನ ಹಾಕಿ, ಸೂಜಿ ಮತ್ತೆ ಅದರ ಸೀಟ್ ನೋಡಿ. ಏರಿಳಿತಕ್ಕೆ ಕಾರಣ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತಿನ ಭಾಗ) ಅರ್ಧ ಕಟ್ಟಿರೋದು ಇರ್ಬೇಕು, ಹೇಗೂ ಬೌಲ್ (ಕಾರ್ಬಿನ ಕೆಳಗೆ ಪೆಟ್ರೋಲ್ ನಿಲ್ಲೋ ಬಟ್ಟಲು) ಬಿಚ್ತೀರಲ್ಲ, ಪೈಲಟ್ ಜೆಟ್, ಮೇನ್ ಜೆಟ್ ಎರಡನ್ನೂ ಕ್ಲೀನರ್ ಹೊಡೆದು ಗಾಳಿ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಬೌಲಿನ ತಳದಲ್ಲಿ ಗುಳ್ಳೆ ಥರ ಉರುಳಾಡೋ ಹನಿ ಕಂಡ್ರೆ ಅದು ನೀರು, ಟ್ಯಾಂಕನ್ನೂ ಖಾಲಿ ಮಾಡ್ಬೇಕು. ಇನ್ಮೇಲೆ ಕೆಲಸ ಮುಗಿದಾಗೆಲ್ಲ ಇಂಜಿನ್ ಸ್ವಿಚ್ ಆಫ್ ಮಾಡೋ ಬದಲು ಟ್ಯಾಪ್ ಮುಚ್ಚಿ ತಾನಾಗೇ ನಿಲ್ಲೋಕೆ ಬಿಡಿ. ಬೌಲ್ ಬೋಲ್ಟಿನ ವಾಷರ್ ಮಾತ್ರ ಹೊಸದೇ ಹಾಕಿ, ಹಳೇದು ಒಮ್ಮೆ ಬಿಚ್ಚಿದ್ಮೇಲೆ ಸೋರೋ ಸಾಧ್ಯತೆ ಜಾಸ್ತಿ.